ಹೆಣಗಳ ನಡುವಿನ ದಾರಿ

ರನ್ನನ ‘ಗದಾಯುದ್ಧ’ದ ನಾಯಕ ಭೀಮ. ಆಶ್ರಯದಾತ ಚಾಲುಕ್ಯ ಸತ್ಯಾಶ್ರಯನನ್ನು ಕವಿ ಹೋಲಿಸಿದ್ದೂ ಅವನಿಗೇ. ಆದರೆ ನಮ್ಮ ಕರುಳು ಮಿಡಿಯುವುದು ದುರ್ಯೋಧನನಿಗಾಗಿ. ಕಾವ್ಯ ಕಟ್ಟಿದ ಬಗೆಯೇ ಅದಕ್ಕೆ ಕಾರಣ. ರನ್ನ ಕಥೆಯನ್ನು ಯುದ್ಧದ ಕೊನೆಯಲ್ಲಿ ಹಿಡಿಯುತ್ತಾನೆ. ಹಿಂದಿನ ಭಾರತವೆಲ್ಲ ಸಿಂಹಾವಲೋಕನ ಕ್ರಮದಲ್ಲಿ ಬಂದುಹೋಗುತ್ತದೆ. ಸೋತ ದೊರೆಯನ್ನು ಸಂಜಯನೊಡನೆ ರಣರಂಗದಲ್ಲಿ ನಡೆಸುತ್ತಾನೆ. ದ್ರೋಣ, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ: ಒಂದೊಂದು ಹೆಣದ ಮುಂದೆಯೂ ಒಂದು ನಿಲುಗಡೆ, ಒಂದು ಅಳಲು. ಇವರ ನಡುವೆ ಅಭಿಮನ್ಯುವೂ ಇದ್ದಾನೆ. ತನ್ನವರೇ ಸುತ್ತುಗಟ್ಟಿ ಕೊಂದ ಆ ಹುಡುಗನ ಶೌರ್ಯಕ್ಕೆ ದುರ್ಯೋಧನ ಕೈಮುಗಿಯುತ್ತಾನೆ, ಅಂಥ ಸಾವು ತನಗೂ ಬರಲೆಂದು ಬೇಡುತ್ತಾನೆ. ಅವನು ತೊಡೆ ಮುರಿದು ಬೀಳಲಿದ್ದಾನೆಂಬುದು ಓದುಗನಿಗೆ ಮೊದಲೇ ಗೊತ್ತು. ವ್ಯಂಗ್ಯವೂ ಕನಿಕರವೂ ಅಲ್ಲಿ ಒಟ್ಟಿಗೇ ಹುಟ್ಟುತ್ತವೆ. ನನಗಂತೂ ಭೀಮನ ಗೆಲುವಿಗಿಂತ ಈ ನಡಿಗೆಯೇ ದೊಡ್ಡದು. ಆ ಭಾಗವನ್ನೊಮ್ಮೆ ಗಟ್ಟಿಯಾಗಿ ಓದಿ.