ಗಾಂಧೀಜಿಯವರ ಆತ್ಮಕಥೆಯಲ್ಲಿ ಅನುಕರಣ

ಮಹಾತ್ಮಾ ಗಾಂಧಿಯವರ ಆತ್ಮಕಥೆಯನ್ನು ಸತ್ಯಾನ್ವೇಷಣೆಯ ಕಥೆಯೆಂದು ಓದುವುದು ವಾಡಿಕೆಯಾಗಿದೆ. ಗ್ರಂಥಕರ್ತರೇ ಅದನ್ನು ಸತ್ಯದ ಪ್ರಯೋಗಗಳೆಂದು ಕರೆದಿರುವಾಗ ಈ ವಾಡಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ 1925 ರಿಂದ 1929 ರ ವರೆಗೆ ‘ನವಜೀವನ’ ಪತ್ರಿಕೆಯಲ್ಲಿ ಕಂತುಕಂತಾಗಿ ಹೊರಬಿದ್ದ ಈ ಗ್ರಂಥದ ಮೊದಲ ಭಾಗವನ್ನು ಗಮನವಿಟ್ಟು ಓದುವ ವಾಚಕರಿಗೆ ಅದರಲ್ಲಿ ಮತ್ತೊಂದು ಎಳೆಯೂ ಕಾಣಿಸದಿರದು. ಒಬ್ಬ ಬಾಲಕನು ತನ್ನ ಸುತ್ತಲಿನವರನ್ನು ನೋಡಿ ಏನನ್ನು ಕಲಿತನು, ಏನನ್ನು ಕಲಿಯಲಾರದೆ ಹೋದನು ಎಂಬುದೇ ಆ ಎಳೆ. ಮಕ್ಕಳ ಶಿಕ್ಷಣವನ್ನು ಕುರಿತು ಬರೆದ ಎಷ್ಟೋ ಶಾಸ್ತ್ರಗ್ರಂಥಗಳಿಗಿಂತ ಈ ಎಳೆಯು ನಮ್ಮ ಮನೆಗಳಿಗೆ ಹತ್ತಿರವಾದುದೆಂದು ನನ್ನ ಅಭಿಪ್ರಾಯ.

ಬಾಲ್ಯವನ್ನು ವರ್ಣಿಸುವ ಎರಡನೆಯ ಅಧ್ಯಾಯವನ್ನೇ ತೆಗೆದುಕೊಳ್ಳೋಣ. ರಾಜಕೋಟೆಯ ಶಾಲೆಗೆ ಪರೀಕ್ಷಾಧಿಕಾರಿಯು ಬಂದು ಹುಡುಗರಿಗೆ ಐದು ಆಂಗ್ಲ ಶಬ್ದಗಳನ್ನು ಬರೆಯಹೇಳುತ್ತಾನೆ. ಅವುಗಳಲ್ಲಿ ‘ಕೆಟಲ್’ ಎಂಬುದನ್ನು ಬಾಲಕ ಮೋಹನದಾಸನು ತಪ್ಪಾಗಿ ಬರೆಯುತ್ತಾನೆ. ಉಪಾಧ್ಯಾಯರು ತಮ್ಮ ಬೂಟಿನ ತುದಿಯಿಂದ ತಿವಿದು, ಪಕ್ಕದ ಹುಡುಗನ ಹಲಗೆಯನ್ನು ನೋಡಿ ಬರೆದುಕೊಳ್ಳುವಂತೆ ಸೂಚಿಸುತ್ತಾರೆ. ಹುಡುಗನಿಗೆ ಅದು ಹೊಳೆಯುವುದೇ ಇಲ್ಲ; ಒಬ್ಬರನ್ನೊಬ್ಬರು ನೋಡಿ ಬರೆಯದಂತೆ ಕಾಯುವುದಕ್ಕಾಗಿಯೇ ಉಪಾಧ್ಯಾಯರು ನಿಂತಿದ್ದಾರೆಂದು ಅವನ ತಿಳಿವಳಿಕೆ. ಉಳಿದ ಹುಡುಗರೆಲ್ಲರೂ ಐದು ಶಬ್ದಗಳನ್ನೂ ಸರಿಯಾಗಿ ಬರೆದವರೆನಿಸಿದರು, ಇವನೊಬ್ಬನೇ ದಡ್ಡನೆನಿಸಿದನು.

ಇದೇ ಅಧ್ಯಾಯದಲ್ಲಿ, ಈ ಪ್ರಸಂಗದ ಬೆನ್ನಿಗೇ, ಶ್ರವಣಕುಮಾರನ ಹಾಗೂ ಹರಿಶ್ಚಂದ್ರನ ವೃತ್ತಾಂತಗಳು ಬರುತ್ತವೆ. ತಂದೆಯು ಕೊಂಡುತಂದ ಶ್ರವಣನ ಪಿತೃಭಕ್ತಿಯ ನಾಟಕವನ್ನು ಹುಡುಗನು ತನ್ಮಯನಾಗಿ ಓದುತ್ತಾನೆ. ಊರಿಂದೂರಿಗೆ ತಿರುಗುತ್ತ ಚಿತ್ರ ತೋರಿಸುವವರು ಬಂದಾಗ, ಕುರುಡರಾದ ತಂದೆತಾಯಿಗಳನ್ನು ಹೊತ್ತು ನಡೆಯುವ ಶ್ರವಣನನ್ನು ಕಣ್ಣಾರೆ ಕಾಣುತ್ತಾನೆ. ಬಳಿಕ ಹರಿಶ್ಚಂದ್ರ ನಾಟಕ. ಕನ್ನಡಿಗರು ರಾಘವಾಂಕನ ಕಾವ್ಯದಿಂದ ಚೆನ್ನಾಗಿ ಬಲ್ಲ ಆ ದೊರೆಯ ಕಷ್ಟಪರಂಪರೆಯನ್ನು ರಂಗದ ಮೇಲೆ ಕಂಡ ಹುಡುಗನು, ಅದನ್ನು ತನ್ನಷ್ಟಕ್ಕೆ ತಾನೇ ಲೆಕ್ಕವಿಲ್ಲದಷ್ಟು ಸಲ ಅಭಿನಯಿಸಿಕೊಂಡನು. ಮುಂದೆ, ಹರಿಶ್ಚಂದ್ರನು ಇತಿಹಾಸದ ಪುರುಷನಾಗಿರಲಾರನೆಂದು ವಿವೇಕವು ಹೇಳಿದಾಗಲೂ, ಗಾಂಧೀಜಿಯವರಿಗೆ ಅವನು ಜೀವಂತ ಸತ್ಯವಾಗಿಯೇ ಉಳಿದನು.

ಮಹಾದೇವ ದೇಸಾಯಿಯವರ ಆಂಗ್ಲ ಅನುವಾದದಲ್ಲಿ ಇಲ್ಲೊಂದು ಸ್ವಾರಸ್ಯವಿದೆ. ಪಕ್ಕದವನ ಹಲಗೆಯನ್ನು ನೋಡಿ ಬರೆಯುವುದಕ್ಕೂ, ಶ್ರವಣನ ನಡತೆಯನ್ನು ಮಾದರಿಯಾಗಿ ತೆಗೆದುಕೊಳ್ಳುವುದಕ್ಕೂ ‘ಕಾಪಿ’ ಎಂಬ ಒಂದೇ ಶಬ್ದವು ಬಳಕೆಯಾಗಿದೆ. ಆ ವಿದ್ಯೆ ತನಗೆ ಎಂದೂ ಬರಲಿಲ್ಲವೆಂದು ಹೇಳಿದವರೇ ಕೆಲವು ಸಾಲುಗಳ ಅಂತರದಲ್ಲಿ ಅದನ್ನು ವ್ರತದಂತೆ ಕೈಕೊಂಡಿದ್ದಾರೆ! ಗ್ರಂಥಕರ್ತರು ಈ ವಿರೋಧವನ್ನು ಎತ್ತಿ ತೋರಿಸುವುದಿಲ್ಲ; ವಿಮರ್ಶಕನು ತೋರಿಸಬೇಕಾಗಿದೆ. ಹಲಗೆಯ ಅಕ್ಷರವನ್ನು ಕದ್ದವನಿಗೆ ಫಲವು ಆ ಕ್ಷಣದಲ್ಲೇ ದೊರೆತು ಅಲ್ಲಿಗೇ ಮುಗಿಯುತ್ತದೆ. ಶ್ರವಣನನ್ನು ಅನುಸರಿಸಹೊರಟವನು ತನ್ನ ಮನೆಯಲ್ಲಿ, ತನ್ನ ತಂದೆತಾಯಿಗಳ ಮುಂದೆ, ತನ್ನದೇ ಆದ ಒಂದು ಸೇವಾಮಾರ್ಗವನ್ನು ಕಂಡುಕೊಳ್ಳಬೇಕಾಗುತ್ತದೆ. ಮೊದಲನೆಯದಕ್ಕೆ ಕಣ್ಣು ಸಾಕು. ಎರಡನೆಯದಕ್ಕೆ ಬುದ್ಧಿಯೂ ಬೇಕು, ಶ್ರಮವೂ ಬೇಕು.

ಹೀಗೆಂದ ಮಾತ್ರಕ್ಕೆ ಬಾಲಕನ ಕಣ್ಣು ಉತ್ತಮವಾದುದನ್ನೇ ಆರಿಸಿಕೊಂಡಿತೆಂದು ಭಾವಿಸಲಾಗದು. ಚಿಕ್ಕಪ್ಪನೊಬ್ಬರು ಹೊಗೆಸೇದುತ್ತಿದ್ದರು. ಹೊಗೆಯ ವಾಸನೆಯಲ್ಲಿ ಯಾವ ಮೋಹವೂ ಇಲ್ಲದಿದ್ದರೂ, ಮೋಹನದಾಸನೂ ಬಂಧುವಾದ ಇನ್ನೊಬ್ಬ ಹುಡುಗನೂ ಅವರು ಬಿಸುಟ ಸಿಗರೇಟಿನ ತುಂಡುಗಳನ್ನು ಆಯ್ದು ಸೇದಿದರು. ತುಂಡುಗಳು ಸಾಲದಾದಾಗ ಸೇವಕನ ಕಾಸನ್ನು ಕದ್ದು ಬೀಡಿ ಕೊಂಡರು. ಮನೆಯ ಹಿರಿಯರು ಹುಡುಗನಿಗೆ ಹೊಗೆಸೇದೆಂದು ಹೇಳಿರಲಿಲ್ಲ; ನೋಡಿದ್ದೇ ಸಾಕಾಯಿತು. ಹಿರಿಯರ ದೋಷಗಳಿಗೆ ತಾನು ಸ್ವಭಾವತಃ ಕುರುಡನಾಗಿದ್ದೆನೆಂದೂ, ಅವರ ಆಜ್ಞೆಯನ್ನು ಪಾಲಿಸುವುದನ್ನು ಕಲಿತಿದ್ದೆನೇ ಹೊರತು ನಡತೆಯನ್ನು ಪರೀಕ್ಷಿಸುವುದನ್ನಲ್ಲವೆಂದೂ ಗಾಂಧೀಜಿ ಹೇಳಿಕೊಂಡಿದ್ದಾರೆ. ಈ ಮಾತನ್ನು ಅವರದೇ ಕಥೆಯು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಹುಡುಗನು ಹಿರಿಯರನ್ನು ದೂಷಿಸದೆ ಇದ್ದಿರಬಹುದು. ನೋಡದೆ ಮಾತ್ರ ಇರಲಿಲ್ಲ. ದೂಷಿಸದ ಕಣ್ಣೇ ಹೆಚ್ಚು ಸುಲಭವಾಗಿ ಅನುಕರಿಸುತ್ತದೆ.

ಮನಶ್ಶಾಸ್ತ್ರಜ್ಞರು ಈ ವಿಷಯವನ್ನು ಪ್ರಯೋಗಕ್ಕೆ ಒಡ್ಡಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬಂಡೂರಾ ಅವರೂ ಅವರ ಸಹೋದ್ಯೋಗಿಗಳೂ 72 ಎಳೆಯ ಮಕ್ಕಳ ಮೇಲೆ ನಡೆಸಿದ ಪರೀಕ್ಷೆಯನ್ನು 1961 ರಲ್ಲಿ ಪ್ರಕಟಿಸಿದರು. ದೊಡ್ಡವರು ಗಾಳಿತುಂಬಿದ ಬೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳಲ್ಲಿ ಅನೇಕರು ತಾವೂ ಅದೇ ಬಗೆಯಲ್ಲಿ ಹೊಡೆದರು. 1965 ರಲ್ಲಿ ಬಂಡೂರಾ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ, ಹೊಡೆದವನಿಗೆ ಶಿಕ್ಷೆಯಾದುದನ್ನು ಕಂಡ ಮಕ್ಕಳು ಅಷ್ಟಾಗಿ ಅನುಕರಿಸಲಿಲ್ಲ. ಆದರೆ ಕಂಡುದನ್ನು ಮಾಡಿ ತೋರಿಸಿದರೆ ಬಹುಮಾನವುಂಟೆಂದು ಹೇಳಿದಾಗ ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಅಂದರೆ ಕಲಿಕೆಯು ಕಣ್ಣಿನಿಂದಲೇ ಆಗಿಹೋಗಿತ್ತು; ಆಚರಣೆಯು ಅನುಕೂಲ ಸಮಯವನ್ನು ಕಾಯುತ್ತಿತ್ತು. ಮಗುವು ಇಂದು ಮಾಡಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುವ ತಂದೆತಾಯಿಗಳು ಈ ಸಂಗತಿಯನ್ನು ಮರೆಯತಕ್ಕದ್ದಲ್ಲ.

1888 ರಲ್ಲಿ ಲಂಡನ್ನಿಗೆ ಹೋದ ಮೇಲೆ ನಡೆದುದು ಅನುಕರಣದ ವಿನೋದಪ್ರಕರಣ. ಆಂಗ್ಲ ಸಭ್ಯಗೃಹಸ್ಥನಾಗಬೇಕೆಂದು ತರುಣನು 19 ಷಿಲಿಂಗುಗಳ ಎತ್ತರದ ಟೋಪಿಯನ್ನೂ, ಬಾಂಡ್ ಬೀದಿಯಲ್ಲಿ 10 ಪೌಂಡುಗಳ ಸಂಜೆಯುಡುಪನ್ನೂ ಸಂಪಾದಿಸಿದನು. ನೃತ್ಯ, ಪಿಟೀಲು, ಭಾಷಣಕಲೆಗಳ ಪಾಠಕ್ಕೆ ಹಣತೆತ್ತನು. ಈ ಹುಚ್ಚು ಸುಮಾರು ಮೂರು ತಿಂಗಳಲ್ಲಿ ಇಳಿಯಿತು. ಗಾಂಧೀಜಿಯವರ ಗದ್ಯವು ಇಲ್ಲಿ ತನ್ನನ್ನೇ ನಗುವ ಹದವನ್ನು ಕಂಡಿದೆ. ಲೆಕ್ಕದ ಪುಸ್ತಕದಂತೆ ಬೆಲೆಗಳನ್ನು ಒಂದೊಂದಾಗಿ ಹೇಳಿ, ವ್ಯಾಖ್ಯಾನವನ್ನು ನಮಗೆ ಬಿಟ್ಟಂತಿದೆ. ಈ ಪ್ರಕರಣವು ಹಲಗೆಯ ಪ್ರಸಂಗಕ್ಕೆ ಸಮೀಪವಾದುದು, ಹರಿಶ್ಚಂದ್ರನಿಗಲ್ಲ. ನಡೆಯುಡೆಗಳನ್ನು ನೋಡಿ ತೆಗೆದುಕೊಂಡದ್ದಾಯಿತು. ಯಾವ ಪ್ರಯೋಜನಕ್ಕೆಂಬುದು ಆಮೇಲೆ ಎದ್ದ ಪ್ರಶ್ನೆ.

ಗ್ರಂಥದ ಉತ್ತರಾರ್ಧದಲ್ಲಿ ನೋಡುವವನು ನೋಡಲ್ಪಡುವವನಾಗುತ್ತಾನೆ. 1910 ರಲ್ಲಿ ಜೋಹಾನ್ಸ್‌ಬರ್ಗಿನ ಬಳಿ ನೆಲೆಗೊಂಡ ಟಾಲ್‌ಸ್ಟಾಯ್ ಆಶ್ರಮದಲ್ಲಿ ಮಕ್ಕಳಿಗೆ ಶಿಕ್ಷಕರಾದಾಗ, ಉಪಾಧ್ಯಾಯರು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳಕೂಡದೆಂಬ ನಿಯಮವನ್ನು ಅವರು ಏರ್ಪಡಿಸಿದರು. ಕಾಲೆನ್‌ಬಾಕ್ ಅವರು ಕ್ರೈಸ್ತ ಸಂನ್ಯಾಸಿಗಳ ಮಠವೊಂದಕ್ಕೆ ಹೋಗಿ ಪಾದರಕ್ಷೆ ಮಾಡುವುದನ್ನು ಕಲಿತು ಬಂದರು. ಅವರಿಂದ ಗಾಂಧೀಜಿ ಕಲಿತರು. ಗಾಂಧೀಜಿಯಿಂದ ಇತರರು ಕಲಿತರು. ಕೈಯಿಂದ ಕೈಗೆ ಹೀಗೆ ಸಾಗಿದ ವಿದ್ಯೆಗೆ ಉಪದೇಶದ ಹಂಗು ಬಲು ಕಡಿಮೆ. ಸುಳ್ಳಾಡುವ ಗುರುವು ಮಕ್ಕಳಿಗೆ ಸತ್ಯವನ್ನು ಕಲಿಸಲಾರನೆಂದು ಅವರು ಬರೆಯುವಾಗ, ಆ ಮಾತಿನ ಹಿಂದೆ ಬೂಟಿನಿಂದ ತಿವಿದ ಉಪಾಧ್ಯಾಯರ ನೆನಪು ಇದ್ದಿರಬಹುದೇ? ಗ್ರಂಥದಲ್ಲಿ ಅದಕ್ಕೆ ಉತ್ತರವಿಲ್ಲ. ಆದರೂ ಎರಡು ಅಧ್ಯಾಯಗಳನ್ನು ಒಟ್ಟಿಗೆ ಓದಿದರೆ ಪ್ರಶ್ನೆಯು ತಾನಾಗಿಯೇ ಏಳುತ್ತದೆ.

ಇವೆಲ್ಲಕ್ಕೂ ನಡುವೆ, ಚಿನ್ನದ ಕಳವಿನ ಪ್ರಕರಣವೊಂದಿದೆ. ಹದಿನೈದರ ಮಗನು ಅಣ್ಣನ ತೋಳಬಂದಿಯಿಂದ ಚಿನ್ನದ ತುಣುಕನ್ನು ಕದ್ದು, ಅದನ್ನು ಒಪ್ಪಿಕೊಂಡು ಬರೆದ ಚೀಟಿಯನ್ನು ರೋಗಶಯ್ಯೆಯಲ್ಲಿದ್ದ ತಂದೆಗೆ ಕೊಡುತ್ತಾನೆ. ತಂದೆಯು ಓದಿ, ಕಣ್ಣೀರು ಸುರಿಸಿ, ಚೀಟಿಯನ್ನು ಹರಿದುಹಾಕುತ್ತಾರೆ. ಬೈಗುಳವಿಲ್ಲ, ಬುದ್ಧಿವಾದವಿಲ್ಲ. ಅಹಿಂಸೆಯ ಪ್ರತ್ಯಕ್ಷಪಾಠವು ಅಲ್ಲಿಯೇ ಆಯಿತೆಂದು ಮಗನು ಮುಂದೆ ತಿಳಿದನು. ಇಡೀ ಗ್ರಂಥದಲ್ಲಿ ನನಗೆ ಅತ್ಯಂತ ಶ್ರೇಷ್ಠವೆಂದು ತೋರುವ ಪುಟ ಇದೇ.

ಈ ಗ್ರಂಥವನ್ನು ಓದಿದವರಲ್ಲಿ ಗಾಂಧೀಜಿಯವರ ಉಡುಪನ್ನೋ ಆಹಾರನಿಯಮವನ್ನೋ ಮಾತ್ರ ಹಿಡಿದವರುಂಟು. ಅದು ಪಕ್ಕದವನ ಹಲಗೆಯನ್ನು ನೋಡಿ ಬರೆದಂತೆಯೇ ಸರಿ. ತಮ್ಮ ಪ್ರಯೋಗಗಳನ್ನು ಪ್ರಮಾಣವೆಂದು ಭಾವಿಸದೆ, ದೃಷ್ಟಾಂತಗಳೆಂದು ತಿಳಿದು ಪ್ರತಿಯೊಬ್ಬರೂ ತಮ್ಮ ಪ್ರಯೋಗಗಳನ್ನು ನಡೆಸಿಕೊಳ್ಳಬೇಕೆಂದು ಅವರು ಮುನ್ನುಡಿಯಲ್ಲಿಯೇ ಬೇಡಿಕೊಂಡಿದ್ದಾರೆ. ಮನೆಯ ಮಕ್ಕಳ ಕೈಗೆ ಈ ಪುಸ್ತಕವನ್ನು ಕೊಡುವ ಹಿರಿಯರು ಮೊದಲು ಆ ಮುನ್ನುಡಿಯನ್ನೂ, ಹೊಗೆಯ ಪ್ರಸಂಗವನ್ನೂ ತಾವೇ ಒಮ್ಮೆ ಓದಿಕೊಳ್ಳುವುದು ಲೇಸು. ಪುಸ್ತಕವನ್ನು ಮಕ್ಕಳು ಓದುವರೋ ಬಿಡುವರೋ, ಅದನ್ನು ಕೊಟ್ಟವರನ್ನಂತೂ ದಿನವೂ ನೋಡುತ್ತಲೇ ಇರುತ್ತಾರೆ.