ಕೆಂಪಿನ ಹಿಂದಿನ ಖಾರ

ಬ್ಯಾಡಗಿ ಮೆಣಸಿನಕಾಯಿಯನ್ನು ಎಲ್ಲರೂ ಹೊಗಳುವುದು ಬಣ್ಣಕ್ಕೆ. ನನಗೆ ಪ್ರೀತಿ ಅದರ ಅಲ್ಪ ಖಾರದ ಮೇಲೆ. ಗುಂಟೂರು ಕಾಯಿಯ ಖಾರ ನಾಲಿಗೆಗೆ ತಾನಾಗಿ ತಿಳಿಯುತ್ತದೆ. ಬ್ಯಾಡಗಿಯ ಡಬ್ಬಿ, ಕಡ್ಡಿ ಬಗೆಗಳ ಮೆಲು ಖಾರ ಅಳೆಯುವುದೇ ಕಷ್ಟದ ಕೆಲಸ.

1912ರಲ್ಲಿ ಅಮೆರಿಕದ ವಿಲ್ಬರ್ ಸ್ಕೋವಿಲ್ ಮೆಣಸಿನ ಸಾರಕ್ಕೆ ಸಕ್ಕರೆ ನೀರು ಬೆರೆಸುತ್ತ ಹೋಗಿ, ಖಾರ ಯಾವಾಗ ಮಾಯವಾಯಿತೆಂದು ರುಚಿ ನೋಡುವವರನ್ನು ಕೇಳಿದ. ಆದರೆ ನಾಲ್ಕು ಗುಟುಕಿಗೇ ನಾಲಿಗೆ ಜಡವಾಗುತ್ತದೆ.

2008ರಲ್ಲಿ ಆಕ್ಸ್‌ಫರ್ಡ್‌ನ ರಿಚರ್ಡ್ ಕಾಂಪ್ಟನ್ ತಂಡ ನಾಲಿಗೆಯ ಕೆಲಸವನ್ನು ಇಂಗಾಲದ ನ್ಯಾನೊ ಕೊಳವೆಗಳಿಗೆ ಒಪ್ಪಿಸಿತು. ಕೂದಲೆಳೆಗಿಂತ ಸಾವಿರಾರು ಪಟ್ಟು ಸಣ್ಣದಾದ, ವಿದ್ಯುತ್ ಹರಿಯಬಲ್ಲ ಈ ಕೊಳವೆಗಳನ್ನು ವಿದ್ಯುದ್ವಾರದ ಮೇಲೆ ಹರಡಿ ಮೆಣಸಿನ ದ್ರಾವಣದಲ್ಲಿ ಅದ್ದಿದರೆ, ಖಾರದ ಮೂಲವಾದ ಕ್ಯಾಪ್ಸೈಸಿನ್ ಅವುಗಳಿಗೆ ಅಂಟಿಕೊಳ್ಳುತ್ತದೆ. ಈ ಅಂಟುವಿಕೆಯೇ ವಿಧಾನದ ಜೀವಾಳ. ದ್ರಾವಣದಲ್ಲಿ ಚದುರಿದ್ದ ಅಲ್ಪಸ್ವಲ್ಪವೂ ಒಂದೆಡೆ ಕೂಡುತ್ತದೆ. ಆಮೇಲೆ ವೋಲ್ಟೇಜ್ ಏರಿಸಿದರೆ ಅಣುಗಳು ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ. ಆಗ ಹರಿಯುವ ವಿದ್ಯುತ್ತು ಎಷ್ಟೆಂಬುದರ ಮೇಲೆ ಖಾರದ ಲೆಕ್ಕ. ಕ್ಯಾಪ್ಸೈಸಿನ್ನಿನ ಸೋದರ ಅಣುಗಳನ್ನು ಇದು ಬೇರ್ಪಡಿಸಿ ಹೇಳುವುದಿಲ್ಲ, ಅದಕ್ಕೆ ಎಚ್‌ಪಿಎಲ್‌ಸಿ ಯಂತ್ರವೇ ಬೇಕು. ನನಗದು ಕೊರತೆ ಎನಿಸಿಲ್ಲ. ಉಣ್ಣುವವರ ಬಾಯಿಗೂ ಸಿಗುವುದು ಒಟ್ಟು ಖಾರವೇ ತಾನೆ?

ಇಂಥ ಅಳತೆ ಬ್ಯಾಡಗಿಯ ಎಪಿಎಂಸಿ ಮಾರುಕಟ್ಟೆಗೆ ಬರಬೇಕೆಂಬುದು ನನ್ನ ಹಂಬಲ. ಬಣ್ಣಕ್ಕೆ ಆಸ್ತಾ ಎಂಬ ಅಂಕಿ ಇದೆ. ಮೆಣಸಿನಕಾಯಿಯಿಂದ ಓಲಿಯೊರೆಸಿನ್ ಎಂಬ ಸಾರ ತೆಗೆಯುವವರು ಅದನ್ನು ನೋಡಿಯೇ ಕೊಳ್ಳುತ್ತಾರೆ. ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕವೂ ದೊರೆತಿದೆ. ಆದರೂ ಸುಕ್ಕು, ಕೆಂಪು ಎರಡರಲ್ಲೂ ಬ್ಯಾಡಗಿಯನ್ನೇ ಹೋಲುವ ಹೈಬ್ರಿಡ್ ಕಾಯಿಗಳು ಅದೇ ಮಾರುಕಟ್ಟೆಗೆ ಬರುತ್ತವೆ. ಕಣ್ಣು ಮೋಸಹೋಗುವ ಕಡೆ ಖಾರದ ಅಂಕಿ ಇನ್ನೊಂದು ಸಾಕ್ಷಿಯಾದೀತು. ಪಕ್ಕದ ರಾಣೇಬೆನ್ನೂರು ಬೀಜೋತ್ಪಾದನೆಗೆ ಹೆಸರಾದ ಊರು. ಅಲ್ಲಿ ತಳಿ ಆರಿಸುವಾಗಲೂ ಖಾರದ ಅಂಕಿ ನೆರವಾದೀತು. ಹಾವೇರಿ ಸೀಮೆಯ ಹೆಮ್ಮೆಯ ಕಾಯಿಗೆ ಇಷ್ಟು ಮರ್ಯಾದೆ ಸಲ್ಲಬೇಕು.

ಮಾದರಿ ತೆಗೆಯುವವರಿಗೊಂದು ಮಾತು. ಖಾರ ಹೆಚ್ಚಿರುವುದು ಬೀಜ ಅಂಟಿಕೊಂಡ ಬಿಳಿ ತಿರುಳಿನಲ್ಲಿ, ಸಿಪ್ಪೆಯಲ್ಲಲ್ಲ. ತುದಿ ಮುರಿದು ಪರೀಕ್ಷೆಗೆ ಕೊಟ್ಟರೆ ಎಂಥ ಸೂಕ್ಷ್ಮ ವಿದ್ಯುದ್ವಾರವೂ ತಪ್ಪು ಲೆಕ್ಕವನ್ನೇ ಕೊಡುತ್ತದೆ. ಚೀಲದ ಮೇಲಿನ, ನಡುವಿನ, ತಳದ ಕಾಯಿಗಳನ್ನು ಇಡಿಯಾಗಿ ಕುಟ್ಟಿ, ಚೆನ್ನಾಗಿ ಕಲೆಸಿ ಕೊಡಿ.