ಹೊಸದುರ್ಗ ಮೊದಲೋ, ಹೊಳಲ್ಕೆರೆ ಮೊದಲೋ?

ಯೂನಿಕೋಡ್ ಬಂದ ಮೇಲೆ ಕಂಪ್ಯೂಟರಿನಲ್ಲಿ ಕನ್ನಡದ ತಾಪತ್ರಯ ಮುಗಿಯಿತು ಅನ್ನುವವರೇ ಹೆಚ್ಚು. ವೆಬ್‌ಸೈಟಿನ ಪಟ್ಟಿಯಲ್ಲಿ ಹೆಸರುಗಳು ಹಿಂದುಮುಂದಾದರೆ ಅವರು ಡೇಟಾ ತುಂಬಿದ ಹುಡುಗರನ್ನು ಬೈಯುತ್ತಾರೆ. ಟೈಪಿಂಗ್ ಸರಿಯಿಲ್ಲ, ಮತ್ತೇನಿಲ್ಲ ಎನ್ನುವುದು ಅವರ ತೀರ್ಪು. ನಾನಿದನ್ನು ಒಪ್ಪುವುದಿಲ್ಲ.

ಚಿತ್ರದುರ್ಗ ಜಿಲ್ಲೆಯ ಆರು ತಾಲ್ಲೂಕುಗಳನ್ನೇ ತೆಗೆದುಕೊಳ್ಳಿ. ಸಾಲಿಗೊಂದರಂತೆ, ಒಂದಕ್ಷರವೂ ತಪ್ಪದಂತೆ ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಪಿಎಚ್‌ಪಿ ಸ್ಕ್ರಿಪ್ಟಿನಲ್ಲಿ ಅದನ್ನು ಓದಿ, ಬರೀ 'ಸಾರ್ಟ್' ಎಂದರೆ ಬರುವ ಸಾಲು ಇದು: ಚಳ್ಳಕೆರೆ, ಚಿತ್ರದುರ್ಗ, ಮೊಳಕಾಲ್ಮೂರು, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ. ಮೊದಲ ನಾಲ್ಕು ಸರಿ, ಕೊನೆಯೆರಡು ಅದಲುಬದಲು. ಒಂದನೇ ಕ್ಲಾಸಿನ ಮಗು ಕೂಡ 'ಶ ಷ ಸ ಹ ಳ' ಎಂದೇ ಒಪ್ಪಿಸುತ್ತದೆ. ಸ ಮುಂಚೆ, ಳ ಎಲ್ಲಕ್ಕಿಂತ ಕೊನೆಗೆ.

ಸ್ಕ್ರಿಪ್ಟಿಗೆ ವರ್ಣಮಾಲೆ ಗೊತ್ತಿಲ್ಲ, ಅಕ್ಷರದ ಸಂಖ್ಯೆಯಷ್ಟೇ ಗೊತ್ತು. ಯೂನಿಕೋಡಿನಲ್ಲಿ ಳ ಕೂತಿರುವುದು ಲ ಪಕ್ಕದಲ್ಲಿ, ಸಕಾರಕ್ಕಿಂತ ಎಷ್ಟೋ ಮೊದಲು. ಭಾರತದ ಪ್ರಮುಖ ಲಿಪಿಗಳಿಗೆಲ್ಲ 1988ರ ಇಸ್ಕಿ ಸಂಕೇತದ ಒಂದೇ ಅಚ್ಚು ಬಳಸಿದ್ದರ ಫಲ ಇದು. ದೇವನಾಗರಿಯಲ್ಲಿ ಳಕಾರಕ್ಕೆ ಸಿಕ್ಕ ಮನೆಯೇ ಕನ್ನಡಕ್ಕೂ ಸಿಕ್ಕಿತು. ಸಂಖ್ಯೆಯ ಕ್ರಮವೇ ಅಕಾರಾದಿ ಅಲ್ಲ ಎಂದು ಯೂನಿಕೋಡಿನವರೇ ಹೇಳುತ್ತಾರೆ, ಅಕಾರಾದಿಗೆಂದು ಬೇರೆ ನಿಯಮಗಳನ್ನೂ ಕೊಟ್ಟಿದ್ದಾರೆ. ಪಿಎಚ್‌ಪಿಯಲ್ಲಿ ಕನ್ನಡ ಎಂದು ಹೇಳಿ 'ಕೊಲೇಟರ್' ಕರೆದರೆ ಮುಗಿಯಿತು, ಎರಡು ಸಾಲಿನ ಕೆಲಸ.

ಹಾಗಾದರೆ ಇಷ್ಟು ದಿನ ಯಾರ ಕಣ್ಣಿಗೂ ಯಾಕೆ ಬೀಳಲಿಲ್ಲ? ಇಂಗ್ಲಿಷಿನಲ್ಲೂ ಎಲ್ ಆದ ಮೇಲೆಯೇ ಎಸ್. ಇಂಗ್ಲಿಷ್ ಪಟ್ಟಿಯಲ್ಲೂ ಹೊಳಲ್ಕೆರೆಯೇ ಮೊದಲು. ಪರೀಕ್ಷಿಸುವವರು ಅದನ್ನು ಪಕ್ಕಕ್ಕಿಟ್ಟುಕೊಂಡು ಟಿಕ್ ಹಾಕುತ್ತಾರೆ. 'ಇಂಗ್ಲಿಷ್ ಹೆಸರಿನ ಮೇಲೆ ಸಾರ್ಟ್ ಮಾಡಿ, ತೋರಿಸುವಾಗ ಕನ್ನಡ ತೋರಿಸಿ' ಎಂಬ ಜಾಣತನವೂ ಚಾಲ್ತಿಯಲ್ಲಿದೆ. ಅಲ್ಲಿ ಲ, ಳ ಎರಡೂ ಎಲ್. ನ, ಣ ಎರಡೂ ಎನ್. ರೋಗ ಹೋಗಲಿಲ್ಲ, ಮುಸುಕು ಬಿತ್ತು.

ಡೇಟಾದಲ್ಲಿ ದೋಷವೇ ಇಲ್ಲ ಎನ್ನುತ್ತಿಲ್ಲ. ನೋಟ್‌ಪ್ಯಾಡಿನಲ್ಲಿ ಉಳಿಸಿದ ಫೈಲಿನ ತಲೆಗೆ ಒಮ್ಮೊಮ್ಮೆ ಬಿಓಎಂ ಎಂಬ ಕಣ್ಣಿಗೆ ಕಾಣದ ಗುರುತು ಅಂಟಿರುತ್ತದೆ. ಆಗ ಮೊದಲ ಸಾಲಿನ ಚಳ್ಳಕೆರೆ ಹೊಸದುರ್ಗಕ್ಕಿಂತ ಕೆಳಗೆ ಹೋಗಿ ಬೀಳುತ್ತದೆ. ಪರದೆಯ ಮೇಲೆ ಎಷ್ಟು ದಿಟ್ಟಿಸಿದರೂ ಕಾರಣ ತಿಳಿಯದು. ಆದರೆ ಫೈಲು ಓದುವಾಗ ಅದನ್ನು ಕಿತ್ತುಹಾಕಬೇಕಾದದ್ದು ಸ್ಕ್ರಿಪ್ಟು, ಟೈಪ್ ಮಾಡಿದ ಹುಡುಗಿಯಲ್ಲ.

ಇನ್ನೊಂದು ತಮಾಷೆ ಕೇಳಿ. 'ಹೊ'ದ ಒಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡು ತುಂಡಾಗಿಯೂ ಬರೆಯಬಹುದು. ನೋಡುವುದಕ್ಕೆ ಎರಡೂ ಒಂದೇ. ಆರು ಹೆಸರಲ್ಲಿ ಹೊಸದುರ್ಗವೊಂದನ್ನೇ ಹೀಗೆ ತುಂಡು ಮಾಡಿ ಬರೆದರೆ, ಆ ಪೆದ್ದು ಸಾರ್ಟು ಅದನ್ನು ಹಿರಿಯೂರಿಗೂ ಹೊಳಲ್ಕೆರೆಗೂ ನಡುವೆ, ಅದರ ಸರಿಯಾದ ಜಾಗದಲ್ಲೇ ಕೂರಿಸುತ್ತದೆ. ಶುದ್ಧವಾಗಿ ಬರೆದಾಗ ತಪ್ಪು, ಕೆಡಿಸಿ ಬರೆದಾಗ ಸರಿ. ಈಗ ಯಾರನ್ನು ಬೈಯುತ್ತೀರಿ?